ಹಕ್ಕುಪತ್ರ ಸರಿ, ಚಕ್ಕುಬಂದಿ ಎಲ್ಲಿ?

ಓದುಗರ ಪ್ರಶ್ನೆ, ನಿವೃತ್ತ ಭೂಮಾಪಕನ ಉತ್ತರ

ಹೋದ ಸಲ ಪಹಣಿ ತಿದ್ದುಪಡಿ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಾಡಂಚಿನವು. ಆದಿವಾಸಿಗಳ ಹಾಡಿಯಿಂದ ಬಂದವು, ಸೋಲಿಗರ ಪೋಡಿನಿಂದ ಬಂದವು, ಶಿರಸಿ ಕಡೆಯ ಬೆಟ್ಟದಿಂದಲೂ ಬಂದವು. ಎಲ್ಲರೂ ಕೇಳಿರುವುದು ಒಂದೇ ಕಾಯ್ದೆ: ಕಾಡಿನಲ್ಲಿ ಹಿಂದಿನಿಂದ ನೆಲೆಸಿದವರ ಜಮೀನು, ಕಾಡಿನ ಹಕ್ಕನ್ನು ದಾಖಲಿಸುವ 2006ರ ಅರಣ್ಯ ಹಕ್ಕು ಕಾಯ್ದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ನಾನು ವಕೀಲನಲ್ಲ. 33 ವರ್ಷ ಸರಪಳಿ ಎಳೆದವನು. ಕೋರ್ಟಿನ ಮಾತಿಗೆ ವಕೀಲರ ಹತ್ತಿರ ಹೋಗಿ. ಕಲ್ಲು, ನಕ್ಷೆ, ಕಡತದ ಮಾತಾದರೆ ಕೂತು ಮಾತಾಡೋಣ.

ಪ್ರಶ್ನೆ: ನಾನು ಸೋಲಿಗ. ಅಜ್ಜ ಹಾಕಿದ್ದ ಅರ್ಜಿ ‘ಸೂಕ್ತ ದಾಖಲೆ ಇಲ್ಲ’ ಅಂತ ವಜಾ ಆಗಿದೆ. ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಕಂದಾಯದ ರಸೀದಿ ಎಲ್ಲಿಂದ ತರೋಣ? ನಮ್ಮ ಪೋಡಿನಲ್ಲಿ ಡಿಗ್ರಿ ಓದಿದವನು ನಾನೊಬ್ಬನೇ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. (ಓದುಗರು, ಯಳಂದೂರು ತಾಲ್ಲೂಕು)

ಮೊದಲು ನನ್ನದೊಂದು ತಪ್ಪೊಪ್ಪಿಗೆ. ಕೆಲಸಕ್ಕೆ ಸೇರಿದ ಹೊಸತು. ಬಿಳಿಗಿರಿಯ ತಪ್ಪಲಿಗೆ ಅಳತೆಗೆ ಹೋಗಿದ್ದೆ. ಒಬ್ಬರು ಮುದುಕರು ಬೆಳಗ್ಗೆಯಿಂದ ನನ್ನ ಹಿಂದೆಯೇ ಬಂದರು. ಮಧ್ಯಾಹ್ನ ಊಟ ಆದ ಮೇಲೆ "ಬುದ್ಧಿ, ನಮ್ಮ ಎಲ್ಲೇನೂ ಒಂಚೂರು ನೋಡಿ" ಅಂದರು. ಹೊರಟೆ. ಇದು ನಮ್ಮ ದೇವರು, ಇದು ಮಾರಮ್ಮ, ಇದು ವೀರು, ಇದು ಅಬ್ಬಿ ಅಂತ ತೋರಿಸುತ್ತಾ ಹೋದರು. ಕಡೆಗೆ ಒಂದು ಕಡೆ ನಿಂತರು. ಮೊಣಕಾಲೆತ್ತರದ ಕಲ್ಲುಗಳು, ಪಾಚಿ ಹಿಡಿದಿದ್ದವು, ಅರ್ಧ ಮಣ್ಣಿನಲ್ಲಿ ಹೂತಿದ್ದವು. "ಕಲ್ಲುಗುಡಿ. ನಮ್ಮಜ್ಜ ಇಲ್ಲವ್ನೆ, ಅವರಪ್ಪಾನೂ ಇಲ್ಲವ್ನೆ" ಅಂದರು. ನಾನು ಹೂಂ ಅಂದೆ. ಸಂಜೆ ನಕ್ಷೆಯಲ್ಲಿ ಇಲಾಖೆ ನೆಟ್ಟ ಕಲ್ಲುಗಳನ್ನು ಮಾತ್ರ ಗುರುತು ಮಾಡಿ, ಅವರ ರಾಗಿ ಹೊಲದ ಮೇಲೆ ‘ಒತ್ತುವರಿ’ ಅಂತ ಬರೆದೆ. ನಮೂನೆಯಲ್ಲಿ ಬೇರೆ ಕಾಲಂ ಇರಲಿಲ್ಲ. ಬೇರೆ ಕಾಲಂ ಇರಬೇಕು ಅಂತ ನನಗೂ ಹೊಳೆಯಲಿಲ್ಲ.

ಕನ್ನಡದಲ್ಲಿ ಎಲ್ಲೆ ಅಂದರೆ ಗಡಿ. ಸೋಲಿಗರಿಗೆ ಎಲ್ಲೆ ಅಂದರೆ ಆ ಗಡಿಯೊಳಗಿನ ದೇವರು, ಮರ, ನೀರು, ಸತ್ತವರು ಎಲ್ಲ ಸೇರಿದ ಜಾಗ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ನನ್ನ ಕೆಲಸದಲ್ಲಿ ದಿನಾ ಬಳಸುವ ಪದ. ಅರ್ಥ ಗೊತ್ತಾಗುವ ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿತ್ತು.

ಈಗ ನಿಮ್ಮ ಅರ್ಜಿ. ಆ ಮುದುಕರು ನನಗೆ ತೋರಿಸಿದ್ದನ್ನೆಲ್ಲ ಇವತ್ತು ಕಾನೂನೇ ಸಾಕ್ಷ್ಯ ಅನ್ನುತ್ತದೆ. ನಿಯಮದಲ್ಲಿ ದೊಡ್ಡ ಪಟ್ಟಿ ಇದೆ, ಅದರಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು. ಸರ್ಕಾರಿ ಕಾಗದ ಅದರಲ್ಲಿ ಒಂದು ಬಗೆ ಅಷ್ಟೇ. ಮನೆ, ಗುಡಿಸಲು, ಬದು, ಹಳೇ ಬಾವಿ, ಸ್ಮಶಾನ, ದೇವರ ಜಾಗ ಆಗುತ್ತದೆ. ವಂಶಾವಳಿ ಆಗುತ್ತದೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಆಗುತ್ತದೆ. ಇಂಥದೇ ಕಾಗದ ತನ್ನಿ ಅಂತ ಯಾವ ಸಮಿತಿಯೂ ಹಟ ಹಿಡಿಯುವ ಹಾಗಿಲ್ಲ. ಉಪಗ್ರಹದ ಚಿತ್ರದಲ್ಲಿ ನಿಮ್ಮ ಹೊಲ ಕಾಣುವುದಿಲ್ಲ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಆ ಚಿತ್ರ ಬೇರೆ ಸಾಕ್ಷ್ಯದ ಜೊತೆಗೆ ಇರಬಹುದು, ಅದರ ಬದಲಿಗೆ ಅಲ್ಲ. 2012ರ ತಿದ್ದುಪಡಿ ನಿಯಮದಲ್ಲಿ ಇದು ಸ್ಪಷ್ಟವಾಗಿದೆ.

ನೀವು ಮಾಡಬೇಕಾದ್ದು ಇಷ್ಟು. ಇಬ್ಬರು ಮೂವರು ಹಿರಿಯರನ್ನು ಕರೆದುಕೊಂಡು ಒಂದು ದಿನ ಪೂರ್ತಿ ನಡೆಯಿರಿ. ಕಲ್ಲುಗುಡಿ, ಹಳೇ ಒರಳು, ಅಜ್ಜ ನೆಟ್ಟ ಹಲಸು, ಎಲ್ಲದರ ಫೋಟೊ ಮೊಬೈಲಿನಲ್ಲಿ ಜಾಗದ ಗುರುತು ಬರುವ ಹಾಗೆ ತೆಗೆಯಿರಿ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ತಿದ್ದಲು ಹೋಗಬೇಡಿ. ‘ದೊಡ್ಡ ಬರಗಾಲದ ವರ್ಷ ಈ ಬಂಡೆ ಪಕ್ಕ ಗುಡಿಸಲು ಹಾಕಿದೆವು’ ಅಂದರೆ ಹಾಗೇ ಇರಲಿ. ಹೆಬ್ಬೆಟ್ಟು ಒತ್ತಿಸಿ. ನಿಮ್ಮ ಅರಣ್ಯ ಹಕ್ಕು ಸಮಿತಿ ಅರಣ್ಯ ಇಲಾಖೆಗೂ ತಿಳಿಸಿ ಸ್ಥಳ ಪರಿಶೀಲನೆ ಮಾಡಲಿ, ಗ್ರಾಮಸಭೆ ಠರಾವು ಮಾಡಲಿ.

ವಜಾ ಆದ ಬಗ್ಗೆ ಕಾರಣ ಬರೆದ ಪತ್ರ ನಿಮ್ಮ ಕೈಗೆ ಬಂದಿದೆಯಾ? ನೋಟಿಸ್ ಬೋರ್ಡಿಗೆ ಅಂಟಿಸಿದ್ದು ಲೆಕ್ಕಕ್ಕಿಲ್ಲ. ತೀರ್ಮಾನವನ್ನು ಕಾರಣ ಸಮೇತ ಅರ್ಜಿದಾರರಿಗೇ ತಿಳಿಸಬೇಕು. ತಿಳಿದ ಮೇಲೆ 60 ದಿನದೊಳಗೆ ಮೇಲ್ಮನವಿ. ಗ್ರಾಮಸಭೆ ಬೇಡ ಅಂದಿದ್ದರೆ ಉಪವಿಭಾಗಾಧಿಕಾರಿಗಳ ಸಮಿತಿಗೆ, ಅವರು ಬೇಡ ಅಂದಿದ್ದರೆ ಜಿಲ್ಲಾಧಿಕಾರಿಗಳ ಸಮಿತಿಗೆ. ನಿಮ್ಮ ಮಾತು ಕೇಳದೆ ಮನವಿ ವಿಲೇವಾರಿ ಮಾಡುವಂತಿಲ್ಲ. ಅಜ್ಜ ಈಗ ಇಲ್ಲ ಅಂದರೆ ವಾರಸುದಾರರಾಗಿ ನೀವೇ ಮುಂದುವರಿಸಿ.

ಇನ್ನೊಂದು ಮಾತು. ತಾಲ್ಲೂಕು ಕಚೇರಿಯಲ್ಲಿ ‘ನಮ್ಮ ಪೋಡು’ ಅಂದರೆ ಕೆಲವರು ‘ಪೋಡಿ ದುರಸ್ತಿಗಾ? ಮೂರನೇ ಕೌಂಟರ್’ ಅಂತ ಕಳಿಸಿಬಿಡುತ್ತಾರೆ. ಪೋಡಿ ಅಂದರೆ ಸರ್ವೆ ನಂಬರ್ ಒಡೆದು ಅಳೆಯುವ ಕೆಲಸ, ಅದೇ ಬೇರೆ. ನಾನೂ ಒಮ್ಮೆ ಕಳಿಸಿದ್ದೇನೆ. ಅರ್ಜಿಯಲ್ಲಿ ‘ಸೋಲಿಗರ ಪೋಡು, ಅಂದರೆ ವಸತಿ’ ಅಂತ ಬಿಡಿಸಿ ಬರೆಯಿರಿ.

ಪ್ರಶ್ನೆ: ನಮಗೆ ಎರಡು ಎಕರೆಗೆ ಹಕ್ಕುಪತ್ರ ಕೊಟ್ಟರು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಬ್ಯಾಂಕಿನವರು ಪಹಣಿ ತನ್ನಿ ಅಂತಾರೆ. ಯಜಮಾನರು ಹೋದ ವರ್ಷ ತೀರಿಕೊಂಡರು. ಜಮೀನು ನನಗೆ ಬರುತ್ತಾ? ಮೈದುನ ತನ್ನ ಹೆಸರಿಗೆ ಬರೆದುಕೊಡು ಅಂತ ಕೂತಿದ್ದಾನೆ. (ಓದುಗರು, ಎಚ್.ಡಿ. ಕೋಟೆ ತಾಲ್ಲೂಕು)

ಅಕ್ಕಾ, ಕಟ್ಟು ಬಿಚ್ಚಿ ಹಕ್ಕುಪತ್ರ ಕೆಳಗಿಳಿಸಿ. ಮೂರು ಕಡೆ ಓದಿಸಿ.

ಮೊದಲು ಹೆಸರು. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಕೊಡಬೇಕು ಅಂತ ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ಇದೆ. ನಿಮ್ಮ ಹೆಸರು ಇದ್ದೇ ಇರಬೇಕು. ಬರೆಯದೆ ಬಿಟ್ಟಿದ್ದರೆ ಅದು ಕಚೇರಿಯ ತಪ್ಪು, ತಿದ್ದಿಸಿ. ಆಮೇಲೆ ಕೆಳಗಿನ ಸಾಲು: ‘ವಂಶಪಾರಂಪರ್ಯವಾಗಿ ಬರತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ’ ಅನ್ನುವ ಅರ್ಥದ್ದು. ಮಾರುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ, ಮೈದುನನಿಗೆ ಬರೆದುಕೊಡುವ ಹಾಗೂ ಇಲ್ಲ. ‘ಕೊಡಲ್ಲ’ ಅಂತ ನೀವು ನಿಷ್ಠುರ ಆಗಬೇಕಾಗಿಲ್ಲ. ‘ಕಾನೂನಲ್ಲಿ ಆಗಲ್ಲವಂತೆ’ ಅನ್ನಿ, ಸಾಕು. ನಿಮ್ಮ ನಂತರ ಮಕ್ಕಳಿಗೆ ಹೋಗುತ್ತದೆ.

ಮೂರನೆಯದು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ನಾನು ಕಣ್ಣಾರೆ ನೋಡಿದ ಒಂದು ಹಕ್ಕುಪತ್ರದಲ್ಲಿ ಹೀಗಿತ್ತು: ಪೂರ್ವಕ್ಕೆ ಅರಣ್ಯ, ಪಶ್ಚಿಮಕ್ಕೆ ಅರಣ್ಯ, ಉತ್ತರಕ್ಕೆ ಅರಣ್ಯ, ದಕ್ಷಿಣಕ್ಕೆ ಅರಣ್ಯ. ನಾಲ್ಕೂ ದಿಕ್ಕಿಗೆ ಅರಣ್ಯ ಅಂದರೆ ಜಮೀನು ಎಲ್ಲಿ ಅಂತ ಯಾರನ್ನು ಕೇಳುವುದು? ಕಪ್ಪೆಗೆ ಕೆರೆಯ ಚಕ್ಕುಬಂದಿ ಬರೆದ ಹಾಗಾಯಿತು. ನಾಳೆ ಹೊಸ ಗಾರ್ಡ್ ಬಂದು ನಿಮ್ಮ ಜಾಗ ಇದಲ್ಲ, ಆಚೆ ಹಳ್ಳದ ಹತ್ತಿರ ಅಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಹಳ್ಳ, ಬಂಡೆ, ದೊಡ್ಡ ಮರ, ಪಕ್ಕದವರ ಹೊಲ, ಹೀಗೆ ಗುರುತು ಸಮೇತ ಬರೆಯಬೇಕು. ಹಕ್ಕುಪತ್ರದ ನಮೂನೆಯಲ್ಲೇ ಅದಕ್ಕೆ ಜಾಗ ಬಿಟ್ಟಿದ್ದಾರೆ.

ಪಹಣಿ ಬಗ್ಗೆ: ಹಕ್ಕುಪತ್ರ ಕೊಟ್ಟ ಮೇಲೆ ಕಂದಾಯ ಮತ್ತು ಅರಣ್ಯ ಇಲಾಖೆ ಸೇರಿ ಅಂತಿಮ ನಕ್ಷೆ ಮಾಡಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ತಮ್ಮ ದಾಖಲೆಗೆ ಏರಿಸಬೇಕು ಅಂತ 2012ರ ನಿಯಮ ಹೇಳುತ್ತದೆ. ಅದು ಆಗಿಲ್ಲ, ಅದಕ್ಕೇ ಬ್ಯಾಂಕಿನವರು ತಲೆ ಅಲ್ಲಾಡಿಸುತ್ತಿರುವುದು. ತಹಶೀಲ್ದಾರರಿಗೂ ಉಪವಿಭಾಗಾಧಿಕಾರಿಗೂ ಆ ನಿಯಮ ಉಲ್ಲೇಖಿಸಿ ಅರ್ಜಿ ಕೊಡಿ. ಸ್ವೀಕೃತಿ ಸೀಲು ಇಲ್ಲದೆ ಅಲ್ಲಿಂದ ಕದಲಬೇಡಿ. ಈ ಜಮೀನನ್ನು ಅಡಮಾನ ಇಡಲಿಕ್ಕೆ ಆಗುವುದಿಲ್ಲ, ಅದು ನಿಜ. ಆದರೆ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಜನವರಿಯಿಂದ ಅದು ಜಾರಿಯಲ್ಲಿದೆ. ಮ್ಯಾನೇಜರ್ ಹತ್ತಿರ ಈ ಮಾತು ಎತ್ತಿ.

ಪ್ರಶ್ನೆ: ನಾವು ಜೇನುಕುರುಬರು. ನಾಗರಹೊಳೆ ನ್ಯಾಷನಲ್ ಪಾರ್ಕ್ ಆದಾಗ ಅಪ್ಪ ಅಮ್ಮನನ್ನು ಹೊರಗೆ ಹಾಕಿದರು. ಆಮೇಲೆ ಕಾಫಿ ತೋಟದ ಲೈನ್‌ಮನೆಯಲ್ಲೇ ಬೆಳೆದೆವು. ನಾವೀಗ ಅಲ್ಲಿ ವಾಸ ಇಲ್ಲ. ಹಕ್ಕು ಹೋಯಿತಾ? (ಓದುಗರು, ಕೊಡಗು)

ಹೋಗಿಲ್ಲ. ಕಾಯ್ದೆಯ 3(1)ರಲ್ಲಿ ‘ಎಂ’ ಅಂತ ಒಂದು ಉಪವಾಕ್ಯ ಇದೆ. ಜಾಸ್ತಿ ಜನ ಅಷ್ಟು ದೂರ ಓದುವುದೇ ಇಲ್ಲ. 2005ರ ಡಿಸೆಂಬರ್ 13ಕ್ಕಿಂತ ಮೊದಲು, ಪುನರ್ವಸತಿ ಕೊಡದೆ, ಕಾನೂನು ಮೀರಿ ಎಬ್ಬಿಸಿದವರಿಗೆ ಅದೇ ಜಾಗದಲ್ಲಿ ಪುನರ್ವಸತಿಯ ಹಕ್ಕಿದೆ, ಬದಲಿ ಜಮೀನೂ ಅದರಲ್ಲಿ ಸೇರಿದೆ. ಈಗ ಅಲ್ಲಿ ವಾಸ ಇಲ್ಲ ಅನ್ನುವುದು ನಿಮ್ಮ ತಪ್ಪಲ್ಲವಲ್ಲ. ಹಳೇ ಹಾಡಿಯ ಕುರುಹು ಹುಡುಕಿ: ಒಲೆಗುಂಡು, ದೇವರ ಮರ, ಸಮಾಧಿ. ಎಬ್ಬಿಸಿದ ವರ್ಷ ನೆನಪಿರುವ ಹಿರಿಯರ ಹೇಳಿಕೆ ತಗೊಳ್ಳಿ.

ನಿಮ್ಮ ಕಡೆಯದೇ ಉದಾಹರಣೆ ಇದೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನುಕುರುಬ ಕುಟುಂಬಗಳು ತಮ್ಮ ಹಳೇ ಜಾಗಕ್ಕೇ ವಾಪಸ್ ಹೋಗಿ ಗುಡಿಸಲು ಹಾಕಿದವು. ಅರಣ್ಯ ಇಲಾಖೆ ಒಪ್ಪಲಿಲ್ಲ, ಜಗಳ ನಡೆಯಿತು. ನೀವೂ ಹಾಗೇ ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಹಾಗೇ ಇದೆ. ಇದೇ ನಾಗರಹೊಳೆಯ ಒಳಗೆ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ಜಾಗ ಗುತ್ತಿಗೆ ಕೊಟ್ಟಿದ್ದರು, ನೆನಪಿದೆಯಾ? ಆದಿವಾಸಿಗಳೇ ಹೈಕೋರ್ಟಿಗೆ ಹೋದರು. 1997ರಲ್ಲಿ ಆ ಗುತ್ತಿಗೆ ನಿಲ್ಲಲಿಲ್ಲ. ಜೇನು ಕೀಳುವವನು ಹೊರಗೆ, ಹೋಟೆಲಿನವನು ಒಳಗೆ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಇದೇ ಭಾಗದ ಬೆಟ್ಟಕುರುಬ ಓದುಗರೊಬ್ಬರು ಜಾತಿ ಪ್ರಮಾಣಪತ್ರದ ಬಗ್ಗೆ ಕೇಳಿದ್ದಾರೆ. ಮೊದಲು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ‘ಕಾಡುಕುರುಬ’ ಅಂತ ಮಾತ್ರ ಇತ್ತು, ಬೆಟ್ಟಕುರುಬ ಅಂದರೆ ಕಚೇರಿಯಲ್ಲಿ ‘ಪಟ್ಟಿಯಲ್ಲಿಲ್ಲ’ ಅನ್ನುತ್ತಿದ್ದರು. 2022ರ ಡಿಸೆಂಬರಿನಲ್ಲಿ ಸಂಸತ್ತು ಬೆಟ್ಟಕುರುಬ ಹೆಸರನ್ನೂ ಅದರ ಪಕ್ಕಕ್ಕೆ ಸೇರಿಸಿತು. ಮತ್ತೆ ಅರ್ಜಿ ಹಾಕಿ.

ಪ್ರಶ್ನೆ: ನಾವು ಪರಿಶಿಷ್ಟ ಪಂಗಡದವರಲ್ಲ. ಮೂರು ತಲೆಮಾರಿನಿಂದ ಇದೇ ಬೆಟ್ಟದಲ್ಲಿದ್ದೇವೆ. ‘75 ವರ್ಷದಿಂದ ಈ ಗದ್ದೆ ಮಾಡಿದ್ದಕ್ಕೆ ದಾಖಲೆ ಕೊಡಿ’ ಅಂತಾರೆ. 1930ರ ಕಾಗದ ಯಾರ ಹತ್ತಿರ ಇರುತ್ತದೆ? (ಓದುಗರು, ಶಿರಸಿ)

ಕೇಳುವುದೇ ತಪ್ಪು ಕೇಳುತ್ತಿದ್ದಾರೆ. ಉತ್ತರ ಕನ್ನಡದಿಂದ ಬರುವ ಪತ್ರಗಳಲ್ಲೆಲ್ಲ ಇದೇ ಗೋಳು.

ಎರಡು ಬೇರೆ ಬೇರೆ ಲೆಕ್ಕಗಳನ್ನು ಒಟ್ಟಿಗೆ ಕಲಸಿಬಿಟ್ಟಿದ್ದಾರೆ. ಪಾರಂಪರಿಕ ಅರಣ್ಯವಾಸಿ ಅನಿಸಿಕೊಳ್ಳಲು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನ ಆಸರೆಯಲ್ಲಿ ನೆಲೆಸಿರಬೇಕು. ಅದು ನೆಲೆಸಿದ್ದರ ಲೆಕ್ಕ. ಇದೇ ಗದ್ದೆಯನ್ನು 75 ವರ್ಷದಿಂದ ಉಳುತ್ತಿರಬೇಕು ಅಂತ ಕಾಯ್ದೆಯಲ್ಲಿಲ್ಲ. ಕೇಂದ್ರದ ಬುಡಕಟ್ಟು ಸಚಿವಾಲಯವೂ ಈ ಗೊಂದಲ ಬಿಡಿಸಿ ಹೇಳಿದೆ. ಜಮೀನು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ನಿಮ್ಮ ಅನುಭವದಲ್ಲಿದ್ದರೆ ಸಾಕು. ಆ ತಾರೀಖು ಯಾಕೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಮಸೂದೆ ಲೋಕಸಭೆಯಲ್ಲಿ ಮಂಡನೆಯಾದ ದಿನ ಅದು. ಅದಾದ ಮೇಲೆ ಕಾಡು ಕಡಿದು ಬಂದವರಿಗೆ ಈ ಕಾಯ್ದೆಯಲ್ಲಿ ಏನೂ ಇಲ್ಲ.

ನೆಲೆಸಿದ್ದಕ್ಕೆ ಹಳೇ ಶಾಲೆಯ ದಾಖಲಾತಿ ಪುಸ್ತಕ, ದೇವಸ್ಥಾನದ ಲೆಕ್ಕ, ಅರಣ್ಯ ಇಲಾಖೆಯವರೇ ಹಿಂದೆ ಹಾಕಿದ ದಂಡದ ರಸೀದಿ, ಎಲ್ಲ ಬರುತ್ತದೆ. ಹೌದು, ದಂಡದ ರಸೀದಿಯೂ! ನಿಮ್ಮಜ್ಜ ಸೊಪ್ಪು ತಂದಿದ್ದಕ್ಕೆ ದಂಡ ಕಟ್ಟಿದ್ದರೆ, ಅಜ್ಜ ಅಲ್ಲಿದ್ದರು ಅಂತಲೇ ಅರ್ಥ ಅಲ್ವಾ? ಪಕ್ಕದ ಮನೆಯ ಹಿರಿಯರ ಹೇಳಿಕೆಯನ್ನೂ ಸೇರಿಸಿ. ಎಷ್ಟೇ ಆದರೂ ನಾಲ್ಕು ಹೆಕ್ಟೇರಿಗಿಂತ, ಅಂದರೆ ಹತ್ತು ಎಕರೆಗೆ ಒಂಚೂರು ಕಮ್ಮಿ, ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಅದೂ ನಿಜವಾಗಿ ನಿಮ್ಮ ಅನುಭವದಲ್ಲಿ ಇರುವಷ್ಟೇ.

ಇನ್ನೊಂದು ಎಚ್ಚರಿಕೆ. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮಕ್ಕೆ ಬಗರ್‌ಹುಕುಂನ ಫಾರಂ 57 ಹಾಕಿದ್ದೇನೆ, ಅದರಲ್ಲೇ ಆಗುತ್ತದೆ ಅಂತ ಕೂರಬೇಡಿ. ಅದು ಕಂದಾಯ ಭೂಮಿಗೆ. ಅರಣ್ಯ ಅಂತ ಇರುವ ಜಾಗಕ್ಕೆ ಅದು ಓಡುವುದಿಲ್ಲ.

ಪ್ರಶ್ನೆ: ನಮ್ಮ ಹಾಡಿಯನ್ನು ನಾವೇ ಆಳಿಕೊಳ್ಳುವ ಕಾನೂನು ಇದೆಯಂತೆ. ಪೆಸಾ ಅಂತ ಹೆಸರು ಕೇಳಿದೆ. ಕರ್ನಾಟಕದಲ್ಲಿ ಯಾಕಿಲ್ಲ? (ಓದುಗರು, ಹುಣಸೂರು)

ಪೆಸಾ 1996ರ ಕಾಯ್ದೆ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ ಅದು. ಒಡಿಶಾ, ಜಾರ್ಖಂಡ್, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ಸೇರಿ ಹತ್ತು ರಾಜ್ಯಗಳಲ್ಲಿ ಅಂಥ ಪ್ರದೇಶಗಳಿವೆ. ಕರ್ನಾಟಕದಲ್ಲಿ ಒಂದೂ ಘೋಷಣೆಯಾಗಿಲ್ಲ. ಈಶಾನ್ಯದ ಆರನೇ ಅನುಸೂಚಿಯಂತೂ ಇಲ್ಲಿಗೆ ದೂರದ ಮಾತು. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳಲ್ಲಿ ಸ್ವಾಯತ್ತ ಜಿಲ್ಲಾ ಮಂಡಳಿಗಳೇ ಇವೆ.

ಹಾಗಂತ ನಮ್ಮ ಕೈ ಖಾಲಿ ಇಲ್ಲ. ಅರಣ್ಯ ಹಕ್ಕು ಕಾಯ್ದೆ ಅಂದರೆ ಎಲ್ಲರೂ ಎರಡು ಎಕರೆ ಪಟ್ಟಾ ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಪಟ್ಟಾ ಅದರ ಸಣ್ಣ ಭಾಗ. ದೊಡ್ಡದು ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು. ನಮೂನೆ ‘ಎ’ ಹೊಲಕ್ಕೆ. ‘ಬಿ’ ಜೇನು, ನೆಲ್ಲಿ, ಸೀಗೆ, ಮೇವು, ಮೀನಿಗೆ. ‘ಸಿ’ ಇಡೀ ಎಲ್ಲೆಯ ಕಾಡನ್ನು ಕಾಯುವುದಕ್ಕೆ, ಬೆಳೆಸುವುದಕ್ಕೆ, ನಿರ್ವಹಿಸುವುದಕ್ಕೆ. ‘ಸಿ’ ಸಿಕ್ಕರೆ ಆ ಕಾಡಿಗೆ ಏನು ಯೋಜನೆ ಬೇಕು ಅಂತ ಹಾಡಿಯ ಗ್ರಾಮಸಭೆಯೇ ಹೇಳಬಹುದು. ಬೇಟೆಯ ಹಕ್ಕು ಮಾತ್ರ ಯಾವ ನಮೂನೆಯಲ್ಲೂ ಇಲ್ಲ.

ಮಹಾರಾಷ್ಟ್ರದ ಗಡ್‌ಚಿರೋಲಿಯ ಮೇಂಢಾ ಲೇಖಾ ಅನ್ನುವ ಗೊಂಡರ ಊರು ನೋಡಿ. ‘ದಿಲ್ಲಿ, ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ’ ಅನ್ನುವುದು ಅವರ ಘೋಷಣೆ. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಅವರಿಗೆ ಬಂತು. ಬಂದರೂ ಬಿದಿರು ಸಾಗಿಸಲು ಇಲಾಖೆ ರಹದಾರಿ ಕೊಡಲಿಲ್ಲ. 2011ರ ಏಪ್ರಿಲಿನಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅಲ್ಲಿಗೇ ಹೋಗಿ ರಹದಾರಿ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಒಂದು ರಸೀದಿ ಪುಸ್ತಕಕ್ಕೆ ಎರಡು ವರ್ಷ! ಆದರೆ ಆ ಪುಸ್ತಕ ಯಾರ ಕೈಯಲ್ಲಿರುತ್ತದೋ ಬಿದಿರು ಅವರದು. ಈಗ ನಿಯಮವೇ ಹಾಗಿದೆ, ಕಿರು ಅರಣ್ಯ ಉತ್ಪನ್ನದ ರಹದಾರಿ ಗ್ರಾಮಸಭೆಯ ಸಮಿತಿಯೇ ಕೊಡಬಹುದು.

ನಮ್ಮಲ್ಲೂ ಅದೇ ವರ್ಷ ಒಳ್ಳೆಯದೊಂದು ಆಯಿತು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆದದ್ದು 2011ರಲ್ಲಿ. ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಬೆಟ್ಟದ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಸೋಲಿಗರಿಗೆ ಅವನು ಬಾವ. ಬಾವನ ಬೆಟ್ಟದಲ್ಲಿ ಬಾಮೈದರಿಗೆ ಜೇನು ಕೀಳಲು ಹಕ್ಕು ಸಿಗುವುದಕ್ಕೆ ಅಷ್ಟು ಕಾಲ ಬೇಕಾಯಿತು ನೋಡಿ.

ಹಕ್ಕು ಸಿಕ್ಕ ಮೇಲೂ ಎಲ್ಲ ಸಲೀಸಾಗಿಲ್ಲ. ಸೋಲಿಗ ಹಿರಿಯರನ್ನು ಲಂಟಾನ ಕಳೆಯ ಬಗ್ಗೆ ಕೇಳಿ. ಹಿಂದೆ ಬೇಸಿಗೆ ಶುರುವಿನಲ್ಲೇ ತರಗು ಬೆಂಕಿ ಹಾಕುತ್ತಿದ್ದೆವು, ಸಣ್ಣ ಬೆಂಕಿ, ಒಣ ಎಲೆ ಮಾತ್ರ ಸುಡುತ್ತಿತ್ತು, ಲಂಟಾನ ತಲೆ ಎತ್ತುತ್ತಿರಲಿಲ್ಲ, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತುತ್ತಿರಲಿಲ್ಲ ಅಂತಾರೆ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಬೆಂಕಿ ನಿಂತಿತು. ಈಗ ಹಂದಿಯೂ ನುಗ್ಗದಷ್ಟು ಲಂಟಾನ. ಅವರ ಮಾತನ್ನು ಸಂಶೋಧಕರೂ ತೆಗೆದುಕೊಂಡು ಬರೆದಿದ್ದಾರೆ. ಆದರೆ ಇವತ್ತು ಸುಮ್ನೆ ಹೋಗಿ ಬೆಂಕಿ ಹಾಕಿದರೆ ಕೇಸು. ಅದನ್ನು ಗ್ರಾಮಸಭೆಯ ನಿರ್ವಹಣಾ ಯೋಜನೆಯಲ್ಲಿ ಬರೆದು ಇಲಾಖೆಯ ಮುಂದೆ ಇಡಬೇಕು. ಸ್ವಯಮಾಡಳಿತ ಅಂದರೆ ನನ್ನ ಕಣ್ಣಿಗೆ ಕಾಣುವುದು ಇಂಥದೇ: ಯಾವ ತಿಂಗಳು, ಯಾವ ಗುಡ್ಡದಲ್ಲಿ, ಎಷ್ಟು ತರಗು ಸುಡಬೇಕು ಅಂತ ತೀರ್ಮಾನ ಮಾಡುವುದು ಯಾರು ಅನ್ನುವುದು.

ಗ್ರಾಮಸಭೆ ಬೇಡ ಅಂದರೆ ಬೇಡ ಅನ್ನುವಷ್ಟು ತೂಕ ಇದೆ ಅನ್ನುವುದಕ್ಕೆ ಒಡಿಶಾದ ನಿಯಮಗಿರಿ ಸಾಕ್ಷಿ. ಅಲ್ಲಿನ ಬಾಕ್ಸೈಟ್ ಗಣಿಯ ವಿಷಯದಲ್ಲಿ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನೇ ಕೇಳಿ ಅಂದಿತು. ಡೋಂಗ್ರಿಯಾ ಕೊಂಧರ ಬೆಟ್ಟದ 12 ಊರುಗಳಲ್ಲಿ ಸಭೆ ಕೂಡಿತು. ಗಣಿ ಬೇಡ ಅಂತ 12 ಊರೂ ಹೇಳಿದವು.

ಪ್ರಶ್ನೆ: ಜಾಗ ಖಾಲಿ ಮಾಡಿ ಅಂತ ನೋಟಿಸ್ ಬಂದಿದೆ. ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ. (ಓದುಗರು, ಚಿಕ್ಕಮಗಳೂರು ಜಿಲ್ಲೆ)

ಖಾಲಿ ಮಾಡಬೇಡಿ. ಸೆಕ್ಷನ್ 4(5): ಹಕ್ಕಿನ ಪರಿಶೀಲನೆ ಪೂರ್ತಿ ಮುಗಿಯುವ ತನಕ ಎಬ್ಬಿಸುವ ಹಾಗಿಲ್ಲ. ನೋಟಿಸಿಗೆ ಉತ್ತರ ಕೊಡಿ, ಅರ್ಜಿಯ ಸ್ವೀಕೃತಿಯ ನಕಲು ಲಗತ್ತಿಸಿ. ಸುಪ್ರೀಂ ಕೋರ್ಟ್ ಎಲ್ಲರನ್ನೂ ಎಬ್ಬಿಸಲು ಹೇಳಿದೆಯಂತೆ ಅಂತ ನಿಮ್ಮಲ್ಲಿ ಯಾರೋ ಹೆದರಿಸಿದ್ದಾರೆ. ಅದು 2019ರ ಫೆಬ್ರುವರಿ 13ರ ಆದೇಶ, ಅರ್ಜಿ ವಜಾ ಆದವರ ಬಗ್ಗೆ. ಅದೇ ತಿಂಗಳ 28ಕ್ಕೆ ಕೋರ್ಟೇ ಅದನ್ನು ತಡೆಹಿಡಿಯಿತು.

ಪ್ರಶ್ನೆ: ಹುಲಿಗಳಿಗೆ ಜಾಗ ಬೇಡವೇ? ಹೀಗೆ ಹಂಚುತ್ತಾ ಹೋದರೆ ಕಾಡು ಉಳಿಯುತ್ತಾ? (ಓದುಗರು, ಬೆಂಗಳೂರು)

ಹಂಚುತ್ತಿಲ್ಲ ಸ್ವಾಮಿ. ಇದ್ದವರನ್ನು ಇದ್ದಾರೆ ಅಂತ ಬರೆಯುತ್ತಿದ್ದಾರೆ. ಯಾವುದೋ ಜಾಗದಲ್ಲಿ ಜನ ಇದ್ದರೆ ಪ್ರಾಣಿಗೆ ನಿಜಕ್ಕೂ ಸರಿಪಡಿಸಲಾಗದ ತೊಂದರೆ ಅಂತಾದರೆ, ಅದನ್ನು ಗುರುತು ಮಾಡಿ, ಮೊದಲು ಹಕ್ಕು ದಾಖಲಿಸಿ, ಗ್ರಾಮಸಭೆಯ ಲಿಖಿತ ಒಪ್ಪಿಗೆ ಪಡೆದು, ಬೇರೆ ಕಡೆ ವ್ಯವಸ್ಥೆ ಮಾಡಿ ಸ್ಥಳಾಂತರಿಸಲು ಇದೇ ಕಾಯ್ದೆಯಲ್ಲಿ ದಾರಿ ಇದೆ. ಹೀಗೆ ಖಾಲಿಯಾದ ಜಾಗವನ್ನು ಆಮೇಲೆ ಬೇರೆ ಯಾವ ಕೆಲಸಕ್ಕೂ ಕೊಡಬಾರದು ಅಂತಲೂ ಇದೆ. ರೆಸಾರ್ಟಿಗೂ ಕೊಡಬಾರದು. ವಾರಾಂತ್ಯಕ್ಕೆ ಕಾಡಿಗೆ ಹೋದಾಗ ನೀವು ಉಳಿದುಕೊಳ್ಳುವ ಜಾಗದ ಚಕ್ಕುಬಂದಿಯನ್ನೂ ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ನಮ್ಮದು ಕಾಡಿನ ಜಮೀನಲ್ಲ. ನಾಯಕ ಜನಾಂಗದ ನಮ್ಮ ತಾತನಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನನ್ನು ಅಪ್ಪ 1985ರಲ್ಲಿ ಮಾರಿದ್ದಾರೆ. ವಾಪಸ್ ಸಿಗುತ್ತಾ? (ಓದುಗರು, ಚಿತ್ರದುರ್ಗ)

ಇದು ಬೇರೆ ಕಾಯ್ದೆ, 1978ರ ಪಿಟಿಸಿಎಲ್. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯ ನಿಲ್ಲುವುದಿಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ. ಮಂಜೂರಾತಿಯ ಕಡತ ಸಿಗುತ್ತಾ ಅಂತ ಮೊದಲು ನೋಡಿ, ಎಲ್ಲ ನಿಂತಿರುವುದು ಅದರ ಮೇಲೆ. ತಡವಾಗಿ ಬಂದಿರಿ ಅಂತ ಕೋರ್ಟುಗಳು ಅನೇಕರನ್ನು ವಾಪಸ್ ಕಳಿಸಿವೆ. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದಿತು. ಆದರೂ ಕೋರ್ಟಿನಲ್ಲಿ ವಿಳಂಬದ ಮಾತು ಬಂದೇ ಬರುತ್ತದೆ. ಇಲ್ಲಿ ನಿಮಗೆ ನಾನಲ್ಲ, ವಕೀಲರು ಬೇಕು.

ಪ್ರಶ್ನೆ: ಗ್ರಾಮಸಭೆ ಅಂತ ಪಂಚಾಯಿತಿ ಆಫೀಸಿನಲ್ಲಿ ಮಾಡುತ್ತಾರೆ. ಹಾಡಿಯಿಂದ ಏಳು ಕಿಲೋಮೀಟರ್. ಆನೆ ಭಯಕ್ಕೆ ಹೆಂಗಸರು ಹೋಗುವುದಿಲ್ಲ. ನಾವಿಲ್ಲದೆಯೇ ನಮ್ಮ ಅರ್ಜಿ ತೀರ್ಮಾನ ಆಗುತ್ತದೆ. ಸಭೆ ಪುಸ್ತಕ ಯಾರ ಹತ್ತಿರ ಇರಬೇಕು? (ಓದುಗರು, ಪಿರಿಯಾಪಟ್ಟಣ ತಾಲ್ಲೂಕು)

ತಾಯಿ, ಈ ಸಲ ಬಂದ ಪತ್ರಗಳಲ್ಲಿ ಒಳ್ಳೇ ಪ್ರಶ್ನೆ ನಿಮ್ಮದು.

ಈ ಕಾಯ್ದೆಯಲ್ಲಿ ಗ್ರಾಮ ಅಂದರೆ ಪಂಚಾಯಿತಿ ಅಲ್ಲ. ಅರಣ್ಯ ಗ್ರಾಮ, ಹಳೇ ವಸತಿ, ಅಳತೆಯೇ ಆಗದ ಊರು, ದಾಖಲೆಯಲ್ಲಿ ಇದ್ದರೂ ಸರಿ ಇಲ್ಲದಿದ್ದರೂ ಸರಿ, ಎಲ್ಲವೂ ಗ್ರಾಮವೇ. ನಿಮ್ಮ ಹಾಡಿಯೇ ಗ್ರಾಮ. ಹಾಡಿಯಲ್ಲೇ ಸಭೆ ಕೂಡಬೇಕು ಅಂತ ಪಂಚಾಯಿತಿಗೂ ಉಪವಿಭಾಗಾಧಿಕಾರಿಗೂ ಬರೆದುಕೊಡಿ. ಸಭೆಗೆ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಅರ್ಜಿಗಳ ಮೇಲೆ ಠರಾವು ಆಗುವಾಗ ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಇರಬೇಕು. ಇಲ್ಲದಿದ್ದರೆ ಆ ಠರಾವನ್ನು ಪ್ರಶ್ನಿಸಬಹುದು. ಅರಣ್ಯ ಹಕ್ಕು ಸಮಿತಿಯಲ್ಲಿ ಹತ್ತರಿಂದ ಹದಿನೈದು ಜನ, ಅದರಲ್ಲೂ ಮೂರನೇ ಒಂದು ಪಾಲು ಹೆಂಗಸರು.

ಪುಸ್ತಕದ ಮಾತು. ಪಂಚಾಯಿತಿ ಕಾರ್ಯದರ್ಶಿಯೇ ಗ್ರಾಮಸಭೆಗೂ ಕಾರ್ಯದರ್ಶಿ ಅಂತ ನಿಯಮದಲ್ಲಿದೆ. ಅವರು ಬರೆದುಕೊಳ್ಳಲಿ. ಆದರೆ ಸಮಿತಿಗೆ ನಿಮ್ಮವರೇ ಒಬ್ಬರು ಕಾರ್ಯದರ್ಶಿ ಇರುತ್ತಾರೆ. ಅವರ ಕೈಯಲ್ಲೂ ಒಂದು ನಡಾವಳಿ ಪುಸ್ತಕ ಇರಲಿ. ಸಭೆ ಮುಗಿದ ಮೇಲೆ ಆಫೀಸಿನಲ್ಲಿ ಕೂತು ಬರೆಯುವುದಲ್ಲ. ಅಲ್ಲೇ ಬರೆದು, ಓದಿ ಹೇಳಿ, ಸಹಿ, ಹೆಬ್ಬೆಟ್ಟು. ಮಧ್ಯೆ ಖಾಲಿ ಸಾಲು ಬಿಡಬೇಡಿ, ಬಿಟ್ಟರೆ ಅಡ್ಡಗೆರೆ ಎಳೆಯಿರಿ. ನಾನು ಒಂದು ಹಾಡಿಯಲ್ಲಿ ನೋಡಿದ್ದೇನೆ, ಪುಸ್ತಕವನ್ನು ಬಿಸ್ಕತ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಲೆ ಮೇಲಿನ ಅಟ್ಟಕ್ಕೆ ಸಿಕ್ಕಿಸಿದ್ದರು. ಹೊಗೆಗೆ ಗೆದ್ದಲು ಬರುವುದಿಲ್ಲವಂತೆ. ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು, ಒಂದು ಸಹಿಯೂ ಅಳಿಸಿರಲಿಲ್ಲ.

ಪುಸ್ತಕ ತರುವಾಗ 200 ಪುಟದ್ದು ತನ್ನಿ, ಗಟ್ಟಿ ರಟ್ಟಿನದು. 100 ಪುಟದ್ದು ಸಾಕಾಗುವುದಿಲ್ಲ.